ಟ್ಯಾಬಿನ ಹಣೆಗೆ ವಿಭೂತಿ

ಕಾಶಿಗೆ ಬಂದರೆ ಪಾಪ ತೊಳೆದುಹೋಗುತ್ತದೆ ಎನ್ನುತ್ತಾರೆ. ಹೋಗಬಹುದು. ಹುಲಿಗೆವ್ವನ ಮಾವ ಕೊಪ್ಪಳದ ಕಡೆಯಿಂದ ಮಠದ ಪಾತ್ರೆ ಪಡಗದ ಜೊತೆ ತಾನೂ ಒಂದು ಸಾಮಾನಾಗಿ ರೈಲು ಹತ್ತಿ ಇಲ್ಲಿಗೆ ಬಂದು ಅರ್ಧ ಶತಮಾನವಾಯಿತು. ಜಾತಿ ಮಾತ್ರ ತೊಳೆದುಹೋಗಲಿಲ್ಲ. ಅವನು ಮಠದ ಕಕ್ಕಸು ತೊಳೆದ. ಅವನ ಮಗ ತೊಳೆದ. ಮಗ ಕೆಮ್ಮಿ ಕೆಮ್ಮಿ ಸತ್ತ. ಈಗ ಸೊಸೆ ಹುಲಿಗೆವ್ವ ತೊಳೆಯುತ್ತಾಳೆ. ಕೂಗಳತೆಯಲ್ಲಿ ಗಂಗೆ ಹರಿಯುತ್ತಾಳೆ. ಆಕೆ ಒಂದು ದಿನವೂ ಬಂದು ಇವಳ ಜೊತೆ ಕೈ ಹಚ್ಚಲಿಲ್ಲ.

ಮಠ ಕನ್ನಡದವರದು. ಕೇದಾರ ಘಾಟಿನಿಂದ ಒಳಕ್ಕೆ, ಎಮ್ಮೆ ಎದುರಾದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿಯಲ್ಲಿದೆ. ಮುಂದೆ ಯಾತ್ರಿಕರಿಗೆ ಕೋಣೆ, ಊಟ, ಅಭಿಷೇಕದ ವ್ಯವಸ್ಥೆ. ಹಿಂದಿನ ಅಂಗಳದಲ್ಲಿ ಐದನೆಯ ತರಗತಿಯವರೆಗೆ ಶಾಲೆ. ಇಲ್ಲಿ ಹುಟ್ಟಿದ ಕನ್ನಡದ ಮಕ್ಕಳು ಅವ್ವನ ಜೊತೆ ಜಗಳವನ್ನೂ ಹಿಂದಿಯಲ್ಲೇ ಆಡುವುದನ್ನು ಕಂಡು ಹಿಂದಿನ ಸ್ವಾಮಿಗಳು ತೆರೆದ ಶಾಲೆ ಅದು. ಅರ್ಚಕರ ಮಕ್ಕಳು, ಅಡುಗೆಯವರ ಮಕ್ಕಳು, ವಿಶ್ವವಿದ್ಯಾಲಯದಲ್ಲಿ ಡಾಕ್ಟರು ಪ್ರೊಫೆಸರು ಆಗಿರುವ ಕನ್ನಡಿಗರ ಮಕ್ಕಳು ಬರುತ್ತಾರೆ. ಹುಲಿಗೆವ್ವನ ಮಗಳು ವಚನಾ ಕೂಡ ಬರುತ್ತಾಳೆ, ಎರಡನೆಯ ತರಗತಿಗೆ.

"ನಮ್ಮ ಮತದಾಗ ಮೇಲು ಕೀಳು ಇಲ್ಲ, ಮುಟ್ಟು ತಟ್ಟು ಇಲ್ಲ" ಎಂದು ಮಠದ ಮ್ಯಾನೇಜರ್ ಕೊಟ್ಟೂರಯ್ಯ ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಹೇಳಿ, ಹುಲಿಗೆವ್ವನ ಬೊಗಸೆಗೆ ಪ್ರಸಾದವನ್ನು ಒಂದು ಮೊಳ ಮೇಲಿನಿಂದ ಬಿಡುತ್ತಾನೆ. ಅರ್ಧ ಬೊಗಸೆಗೆ ಬೀಳುತ್ತದೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಗುಡಿಸುವವಳೂ ಅವಳೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಬದನೆಕಾಯಿಗೆ ಅವಮಾನ.

ಹುಲಿಗೆವ್ವನಿಗೆ ಓದು ಬಾರದು. ಹಟ ಮಾತ್ರ ಒಂದಿತ್ತು. ಮಗಳು ಓದಬೇಕು. ಓದಿ ಏನಾಗಬೇಕು ಎಂದು ಅಡುಗೆಮನೆಯ ಹೆಂಗಸರು ಕೇಳಿದರೆ, "ಏನಾರ ಆಗ್ಲಿ ಬಿಡ್ರವ್ವಾ, ಕಕ್ಕಸಿನಿಂದ ಹೊರಗ ಬಂದ್ರ ಸಾಕು" ಎನ್ನುತ್ತಿದ್ದಳು. ಅವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಆ ವರ್ಷ ಶಾಲೆಗೆ ಬೆಂಗಳೂರಿನಿಂದ ಹೊಸ ವಿದ್ಯೆ ಬಂತು. ತಂದವನು ಸಚಿನ. ಬಿಗಿ ಪ್ಯಾಂಟು, ಬಿಳಿ ಬೂಟು, ಕೊರಳಿಗೆ ಕಂಪನಿಯ ಗುರುತಿನ ಚೀಟಿ. ಮಕ್ಕಳ ಓದಿನ ಪುಸ್ತಕದ ಮೇಲೆ ಟ್ಯಾಬ್ ಹಿಡಿದರೆ ಸಾಕು. ಟ್ಯಾಬಿನ ಪರದೆಯಲ್ಲಿ ಪುಟದಿಂದ ಆನೆ ಎದ್ದು ನಿಲ್ಲುತ್ತದೆ, ಕಿವಿ ಬೀಸುತ್ತದೆ. 'ಆನೆ' ಎಂಬ ಅಕ್ಷರಗಳು ಬೆನ್ನ ಮೇಲೆ ಹತ್ತಿ ಕೂರುತ್ತವೆ, ಒಬ್ಬ ಹೆಣ್ಣುಮಗಳ ಧ್ವನಿ ಅದನ್ನು ಓದಿ ಹೇಳುತ್ತದೆ. ಬೆರಳಿನಿಂದ ತಟ್ಟಿದರೆ ಆನೆ ನೀರು ಚಿಮ್ಮಿಸುತ್ತದೆ. ಇದಕ್ಕೆ ಎಆರ್ ಎಂದು ಹೆಸರು. ಇಲ್ಲದ್ದು ಇದ್ದ ಹಾಗೆ ಕಾಣುವುದೇ ಇದರ ಗುಟ್ಟು ಎಂದು ಸಚಿನ ವಿವರಿಸಿದ. ಆ ಗುಟ್ಟು ಮಠಕ್ಕೆ ಹೊಸದಲ್ಲ. ಇದ್ದದ್ದು ಇಲ್ಲದ ಹಾಗೆ ಕಾಣುವ ವಿದ್ಯೆಯಂತೂ ಅಲ್ಲಿ ಮೊದಲಿನಿಂದಲೂ ಇತ್ತು. ಹುಲಿಗೆವ್ವನನ್ನೇ ಕೇಳಿ.

ಮುಖ್ಯೋಪಾಧ್ಯಾಯಿನಿ ವಸುಮತಿ ಮೇಡಂ ಮೈಸೂರಿನವಳು, ಡಾಕ್ಟರರ ಹೆಂಡತಿ, ಓದಿದವಳು. ಜಾತಿಯ ಮಾತೆತ್ತಿದರೆ ಅವಳಿಗೆ ತಲೆನೋವು ಬರುತ್ತದೆ. ಅವಳು ಮಕ್ಕಳನ್ನು ಜಾತಿಯಿಂದ ವಿಂಗಡಿಸಲಿಲ್ಲ, ಹೈಜೀನಿನಿಂದ ವಿಂಗಡಿಸಿದಳು. "ಮಗು ಹರಿಶ್ಚಂದ್ರ ಘಾಟಿನ ಗಲ್ಲಿಯಿಂದ ಬರುತ್ತೆ, ಅಲ್ಲಿ ಹೆಣದ ಹೊಗೆ, ಬೂದಿ, ಡಸ್ಟು. ಸ್ಕ್ರೀನು ಡೆಲಿಕೇಟು. ತಪ್ಪು ತಿಳ್ಕೋಬೇಡ ಹುಲಿಗೆವ್ವ" ಎಂದಳು. ಹುಲಿಗೆವ್ವ ತಪ್ಪು ತಿಳಿಯಲಿಲ್ಲ. ಸರಿಯಾಗಿಯೇ ತಿಳಿದಳು. ಘಾಟಿನ ಗಲ್ಲಿಯಲ್ಲಿ ಮನೆ ಕೊಟ್ಟದ್ದು ಮಠವೇ. ಮಠದ ಒಳಗೆ ಕೋಣೆಗಳಿದ್ದವು, ಇವಳಿಗೆ ಮಾತ್ರ ಇರಲಿಲ್ಲ. ಹೊಗೆ ಇವಳು ಬೇಡಿ ತಂದದ್ದಲ್ಲ.

ಆದರೂ ವಚನಾಳನ್ನು ತರಗತಿಯಿಂದ ಹೊರಗಿಡಲಿಲ್ಲ. ಅವಳಿಗೊಂದು ಕೆಲಸ ಕೊಟ್ಟರು. ಉದ್ಘಾಟನೆಯವರೆಗೆ ಅಭ್ಯಾಸಕ್ಕೆಂದು ಒಂದೇ ಟ್ಯಾಬ್ ಹೊರಗೆ ತೆಗೆಯುತ್ತಿದ್ದರು. ಟ್ಯಾಬಿಗೆ ಪುಟ ಸಪಾಟಾಗಿ, ಅಲುಗದೆ ಇರಬೇಕು. ಫ್ಯಾನಿನ ಗಾಳಿಗೆ ಪುಟ ಏಳುತ್ತಿತ್ತು. ಉಳಿದ ಮಕ್ಕಳು ಟ್ಯಾಬ್ ಹಿಡಿದು ನೋಡುವಾಗ ವಚನಾ ಮೊಣಕಾಲೂರಿ ಎರಡೂ ಕೈಯಿಂದ ಪುಟದ ಅಂಚು ಒತ್ತಿ ಹಿಡಿಯಬೇಕು. ಒಬ್ಬರ ಪಾಳಿ ಮುಗಿದರೆ ಇನ್ನೊಬ್ಬರು. ಟ್ಯಾಬ್ ಕೈ ಬದಲಾಗುತ್ತಿತ್ತು, ಪುಟ ಹಿಡಿದ ಕೈ ಬದಲಾಗುತ್ತಿರಲಿಲ್ಲ.

"ಅವ್ವಾ," ಒಂದು ಸಂಜೆ ವಚನಾ ಹೇಳಿದಳು. ಮೊಣಕಾಲು ಕೆಂಪಗೆ ತರಚಿತ್ತು. "ಇವತ್ತ ನನ್ ಕೈ ಮ್ಯಾಲ ಹಾಥಿ ನಿಂತಿತ್ತಂತ. ಟ್ಯಾಬ್ ಹಿಡ್ಕೊಂಡಿದ್ದ ಅದಿತಿ ಅಂದಳು, ವಚನಾ ಅಲಗಾಡಬ್ಯಾಡ, ಹಾಥಿ ಬೀಳ್ತೈತಿ ಅಂತ. ಎಲ್ಲಾರೂ ನಕ್ರು. ನಾ ನೋಡಿದೆ, ಕುಛ್ ಭೀ ನಹೀಂ ಥಾ. ಬರೇ ನನ್ ಕೈ ಇತ್ತು."

"ಭಾರ ಆತೇನವ್ವಾ?" ಎಂದು ಹುಲಿಗೆವ್ವ ನಗಿಸಲು ನೋಡಿದಳು.

"ಆನಿದಲ್ಲ. ಕೈ ನೋಯ್ತಾವ."

ಹುಲಿಗೆವ್ವ ಮಗಳ ಕೈ ತಿಕ್ಕಿದಳು. ಫಿನಾಯಿಲಿಗೆ ಸುಟ್ಟು ಸಿಪ್ಪೆ ಎದ್ದ ತನ್ನ ಅಂಗೈ ಒರಟಾಗಿ ತಾಗಿತೆಂದು ಮಗು ಕೈ ಹಿಂದಕ್ಕೆಳೆದುಕೊಂಡಿತು. ಎರಡು ತಲೆಮಾರು ಬಗ್ಗಿ ಹೊತ್ತದ್ದು ಸಾಲದೆಂದು ಮೂರನೆಯದಕ್ಕೆ ಇಲ್ಲದ ಆನೆ ಹೊರಿಸಿದ್ದಾರೆ.

ಅದಾದ ವಾರಕ್ಕೆ ವಚನಾ ಟ್ಯಾಬ್ ಮುಟ್ಟಿದಳು. ಅದಿತಿ ನೀರು ಕುಡಿಯಲು ಎದ್ದು ಹೋಗಿದ್ದಳು, ಟ್ಯಾಬ್ ಚಾಪೆಯ ಮೇಲಿತ್ತು. ಅವಳು ಕದಿಯಲಿಲ್ಲ, ಬೀಳಿಸಲಿಲ್ಲ. ಎತ್ತಿ ಪುಟದ ಮೇಲೆ ಹಿಡಿದು ನೋಡಿದಳು, ಅಷ್ಟೇ. ಆನೆ ಕಿವಿ ಬೀಸುವಷ್ಟರಲ್ಲಿ ಕೊಟ್ಟೂರಯ್ಯನ ಕೊಡೆಯ ತುದಿ ಅವಳ ಬೆನ್ನಿಗೆ ಬಿತ್ತು. ಅವನು ಕೈಯಿಂದ ಹೊಡೆಯುವುದಿಲ್ಲ. ಕೈಯಿಂದ ಹೊಡೆದರೆ ಸ್ನಾನ ಮಾಡಬೇಕಲ್ಲ.

ಟ್ಯಾಬುಗಳನ್ನು ಇಡುತ್ತಿದ್ದದ್ದು ಪೂಜೆಯ ಕೋಣೆಗೆ ಸೇರಿದ ಬೀರುವಿನಲ್ಲಿ, ಬೆಳ್ಳಿಯ ಉತ್ಸವಮೂರ್ತಿಯ ಕೆಳಗಿನ ಅರೆಯಲ್ಲಿ. ಮುಟ್ಟಿದ್ದನ್ನು ಹಾಗೇ ಒಳಗೆ ಇಡುವುದು ಹೇಗೆ? ಮುಟ್ಟು ತಟ್ಟು ಇಲ್ಲದ ಮಠದ ಮ್ಯಾನೇಜರ್ ಯೋಚಿಸಿದ. ತಾಮ್ರದ ಚೊಂಬಿನಲ್ಲಿ ಗಂಗಾಜಲ ತಂದ. ಬಿಲ್ವಪತ್ರೆಯಿಂದ ಪ್ರೋಕ್ಷಣೆ ಮಾಡಿದರೆ ಸಾಕಿತ್ತು. ಸಿಟ್ಟಿನಲ್ಲಿ ಅರ್ಧ ಚೊಂಬು ಸುರಿದುಬಿಟ್ಟ. ಟ್ಯಾಬ್ ಒಂದು ಸಲ ಮಿನುಗಿ ಕಣ್ಣು ಮುಚ್ಚಿತು. ಕಾಶಿಯಲ್ಲಿ ಗಂಗಾಜಲ ಬಾಯಿಗೆ ಬಿದ್ದು ಪ್ರಾಣ ಬಿಟ್ಟವರಿಗೆ ಮೋಕ್ಷ ಎನ್ನುತ್ತಾರೆ. ಅದಕ್ಕೂ ಸಿಕ್ಕಿರಬೇಕು.

"ನೋಡಿದ್ರ್ಯಾ ಮೇಡಂ?" ಎಂದ ಕೊಟ್ಟೂರಯ್ಯ. "ಅಕಿ ಮುಟ್ಟಿದ್ಲು, ಕೆಟ್ಟ ಹೋತು."

ವಸುಮತಿ ಮೇಡಂ ನೀರು ನೋಡಿದ್ದಳು. ಚೊಂಬೂ ನೋಡಿದ್ದಳು. ಆದರೂ, ಉದ್ಘಾಟನೆ ಮುಗಿಯುವವರೆಗೆ ವಚನಾ ಹೊರಗೆ ಕೂರಲಿ ಎಂದಳು. ಹೊರಗೆ ಎಂದರೆ ಬಾಗಿಲ ಆಚೆ, ಚಪ್ಪಲಿಗಳ ಜೊತೆಗೆ.

ಹುಲಿಗೆವ್ವ ಮೂರು ಸಲ ಹೋಗಿ ಕೇಳಿದಳು. ಮೊದಲ ಸಲ ಕೈ ಮುಗಿದಳು. ಎರಡನೆಯ ಸಲ ಅತ್ತಳು. "ಮುಟ್ಟಂಗಿಲ್ಲ ಬಿಡ್ರಿ, ಒಳಗ ಮೂಲ್ಯಾಗರ ಕುಂದರ್ಲಿ, ಕಿವಿ ಮ್ಯಾಲ ನಾಕ ಅಕ್ಷರ ಬಿದ್ರ ಸಾಕು" ಎಂದಳು. ಹಾಗೆ ಬೇಡಿದ್ದಕ್ಕೆ ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂರನೆಯ ಸಲ ವಸುಮತಿ ಮೇಡಂ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತ, "ಇದು ನನ್ನ ಕೈಲಿಲ್ಲ ಹುಲಿಗೆವ್ವ, ಅಯ್ನೋರನ್ನ ಕೇಳು" ಎಂದಳು. ಅಯ್ಯನವರೆಂದರೆ ಕೊಟ್ಟೂರಯ್ಯ. ಅವನು, "ಅಜ್ಜಾರನ್ನ ಕೇಳ್ಬೇಕು" ಎಂದ. ಅಜ್ಜನವರೆಂದರೆ ಚಂದ್ರಮೌಳೇಶ್ವರ ಸ್ವಾಮಿಗಳು. ತೊಂಬತ್ತರ ಹತ್ತಿರ ವಯಸ್ಸು, ಕಿವಿ ಪೂರ್ತಿ ಮಂದ. ಅವರನ್ನು ಯಾರು ಏನು ಕೇಳಿದರೂ "ಒಳ್ಳೇದಾಗ್ಲಿ" ಎನ್ನುತ್ತಾರೆ. ಅವರ ಹತ್ತಿರ ಹೋಗಲು ಹುಲಿಗೆವ್ವನಿಗೆ ಹೊಸ್ತಿಲು ದಾಟಬೇಕು. ಅದಕ್ಕೆ ಕೊಟ್ಟೂರಯ್ಯನ ಅಪ್ಪಣೆ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಉದ್ಘಾಟನೆಯ ದಿನ ಬಂತು. ದಿಲ್ಲಿಯ ಒಂದು ದಾನಸಂಸ್ಥೆಯ ಅಧ್ಯಕ್ಷೆ ಬರುವವಳಿದ್ದಳು. ಆಕೆ ಮೆಚ್ಚಿದರೆ ಮಠದ ಎಲ್ಲ ಊರಿನ ಶಾಲೆಗಳಿಗೂ ಟ್ಯಾಬ್. ಸಚಿನನ ಕಂಪನಿಗೆ ಹಬ್ಬ. ಬೆಳಗಿನ ಮಂಜಿನಲ್ಲೇ ಹುಲಿಗೆವ್ವ ಅಂಗಳಕ್ಕೆ ಇಳಿದಳು. ಪಾರಿವಾಳದ ಹಿಕ್ಕೆ ಕೆರೆದಳು. ಕೋತಿ ಹರಿದೆಸೆದ ಬ್ಯಾನರ್ ಎತ್ತಿದಳು. ಕಟ್ಟಿಕೊಂಡಿದ್ದ ಮೋರಿಗೆ ಮೊಣಕೈವರೆಗೆ ಕೈ ಹಾಕಿ ನಿನ್ನೆಯ ಅನ್ನ, ಕೂದಲು, ಹೂವು ತೆಗೆದಳು. ಅತಿಥಿ ಬಳಸಬಹುದು ಎಂದು ಕಕ್ಕಸನ್ನು ಎರಡು ಸಲ ತಿಕ್ಕಿದಳು. ಅತಿಥಿ ಬಂದ ಮೇಲೆ ಬಳಸಬಾರದು ಎಂದು ಉಳಿದವರು ಅಷ್ಟರಲ್ಲೇ ಬಳಸಿದರು, ಮೂರನೆಯ ಸಲ ತಿಕ್ಕಿದಳು. ಸೊಂಟ ಹಿಡಿದುಕೊಂಡು ನೆಟ್ಟಗಾಗುವಷ್ಟರಲ್ಲಿ ಕೊಟ್ಟೂರಯ್ಯ ದೂರದಿಂದ ಚಪ್ಪಾಳೆ ತಟ್ಟಿದ.

"ಏ ಹುಲಿಗಿ, ಆತಲ್ಲ? ಇನ್ನ ಹಿಂದ ಹೋಗು. ಬಂದೋರ ಕಣ್ಣಿಗೆ ಬೀಳಬ್ಯಾಡ."

ಕೆಲಸ ಕಾಣಬೇಕು, ಕೆಲಸದವಳು ಕಾಣಬಾರದು. ಅವಳು ಚಪ್ಪಲಿಗಳ ಹತ್ತಿರ ಹೋಗಿ ಮಗಳ ಪಕ್ಕದಲ್ಲಿ ನಿಂತಳು. ಅಲ್ಲಿಂದ ಒಳಗಿನದೆಲ್ಲ ಕಾಣುತ್ತಿತ್ತು.

ಹೊಸ ವಸ್ತುವಿನ ಉದ್ಘಾಟನೆಯನ್ನು ಗುರುವಿನ ಕೈಯಿಂದ ವಿಭೂತಿ ಹಚ್ಚಿಸದೆ ಮಾಡುವ ಪದ್ಧತಿ ಆ ಮಠದಲ್ಲಿಲ್ಲ. ಅಡುಗೆಮನೆಯ ಗ್ರೈಂಡರಿಗೂ ಹಚ್ಚಿದ್ದಾರೆ, ಇನ್ವರ್ಟರಿಗೂ ಹಚ್ಚಿದ್ದಾರೆ. ಎರಡು ಡಜನ್ ಟ್ಯಾಬುಗಳನ್ನು ಬಾಳೆಎಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಸತ್ತದ್ದರ ಜಾಗಕ್ಕೆ ಸಚಿನ ಹೊಸದು ತರಿಸಿದ್ದ. ಸ್ವಾಮಿಗಳನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ಅವರು ನೀರಿನಲ್ಲಿ ಕಲಸಿದ ವಿಭೂತಿಗೆ ಮೂರು ಬೆರಳು ಅದ್ದಿ, ಟ್ಯಾಬನ್ನು ಆ ಕಡೆ ಈ ಕಡೆ ನೋಡಿ ಕೇಳಿದರು.

"ಇದರ ಹಣಿ ಎಲ್ಲೈತೋ?"

ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನ ಕಾಲೇಜಿನಲ್ಲಿ ಸಚಿನನಿಗೆ ಅದನ್ನು ಕಲಿಸಿರಲಿಲ್ಲ. ಗಾಜಿನ ಕಡೆ ಹಚ್ಚಿದರೆ ಮಕ್ಕಳಿಗೆ ಕಾಣುವುದಿಲ್ಲ ಎಂದಷ್ಟೇ ಅವನು ತೊದಲಿದ, ಆಗಲೇ ಅತಿಥಿಯ ಫೋನ್ ಬಂತೆಂದು ಹೊರಗೆ ಓಡಿದ. ಕೊಟ್ಟೂರಯ್ಯ ಟ್ಯಾಬನ್ನು ಬೋರಲು ಹಾಕಿದ. ಬೆನ್ನ ಮೇಲೆ ಮೂಲೆಯಲ್ಲಿ ದುಂಡಗೆ, ಸ್ವಲ್ಪ ಉಬ್ಬಿ, ಕಪ್ಪಗೆ ಹೊಳೆಯುವುದೊಂದು ಕಂಡಿತು. ಭಕ್ತಿ ಉಕ್ಕಿ ಬಂತು.

"ಇಲ್ಲೊಂದು ಕಣ್ಣೈತ್ರಿ ಅಜ್ಜಾರ! ಮುಕ್ಕಣ್ಣಂದು ಇದ್ದಂಗ ಐತಿ. ಇದ ಹಣೀ!" ಎಂದು ಕಿವಿಯಲ್ಲಿ ಕೂಗಿದ.

"ಒಳ್ಳೇದಾಗ್ಲಿ" ಎಂದು ಸ್ವಾಮಿಗಳು ಆ ಕಣ್ಣಿನ ಮೇಲೆ ಮೂರು ಬೆರಳು ಎಳೆದರು. ನಡುವೆ ಗಂಧದ ಬೊಟ್ಟು ಇಟ್ಟರು. ಒಂದಕ್ಕಲ್ಲ, ಎಲ್ಲಕ್ಕೂ. ಮಂಗಳಾರತಿ ಮುಗಿಯುವಷ್ಟರಲ್ಲಿ ವಿಭೂತಿ ಒಣಗಿ ಸುಣ್ಣದ ಗಾರೆಯಂತೆ ಹಿಡಿದುಕೊಂಡಿತು. ಸ್ವಾಮಿಗಳನ್ನು ಒಳಗೆ ಕರೆದೊಯ್ದು ಮಲಗಿಸಿದರು.

ಸಚಿನ ಒಳಗೆ ಬಂದು ಒಂದು ಟ್ಯಾಬ್ ಎತ್ತಿ ಪುಟದ ಮೇಲೆ ಹಿಡಿದ. ಆನೆ ಇಲ್ಲ. ಪುಟವೂ ಇಲ್ಲ. ಪರದೆಯ ತುಂಬ ಬೂದುಬಣ್ಣ. ಇನ್ನೊಂದು ಎತ್ತಿದ, ಅದೂ ಹಾಗೇ. ತಿರುಗಿಸಿ ನೋಡಿ ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ಅಯ್ಯೋ ಸಾರ್, ಇದು ಕ್ಯಾಮೆರಾ! ಇದ್ರಿಂದಾನೇ ಅದು ಪುಟ ನೋಡೋದು. ಇದನ್ನೇ ಮುಚ್ಚಿದೀರಲ್ಲ!" ಎಂದು ಹೆಬ್ಬೆರಳಿನಿಂದ ಒರೆಸಲು ಹೋದ.

"ಶಿವ ಶಿವಾ! ಬಿಡ್ರೀ ಕೈ!" ಕೊಟ್ಟೂರಯ್ಯ ಅರಚಿದ. "ಗುರುವಿನ ಕೈಲೆ ಹಚ್ಚಿದ ವಿಭೂತಿ ಅದು. ತಾನಾಗಿ ಉದುರಬೇಕು. ಒರಸಿದೋರ ವಂಶ ಉಳಿಯಂಗಿಲ್ಲ. ಹಿಂದ ಒಬ್ಬ ಗುಮಾಸ್ತ ಇನ್ವರ್ಟರಿಂದು ಒರಸಿದ್ದ, ಎಡಗೈ ಬಿದ್ದಹೋತು."

ಸಚಿನ ಧಾರವಾಡದ ಭಕ್ತರ ಮನೆಯವನು. ಅವನ ಮದುವೆ ಮುಂದಿನ ತಿಂಗಳಿತ್ತು. ಹೆಬ್ಬೆರಳನ್ನು ಬೆಂಕಿ ತಾಗಿದಂತೆ ಹಿಂದಕ್ಕೆ ತೆಗೆದ. ವಸುಮತಿ ಮೇಡಂ ಕಡೆ ನೋಡಿದ. ಅವಳು ವೈಜ್ಞಾನಿಕ ಮನೋಭಾವದ ಮೇಲೆ ಭಾಷಣ ಮಾಡಿದವಳು. "ನನಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ" ಎಂದಳು. "ಆದ್ರೆ ಮಗ ಟ್ವೆಲ್ತಲ್ಲಿದಾನೆ, ಸುಮ್ನೆ ಯಾಕೆ ರಿಸ್ಕು."

ಅಷ್ಟರಲ್ಲಿ ಫೋನು. ಅತಿಥಿಯ ಕಾರು ಗೋದೌಲಿಯಾದಲ್ಲಿ ಜನಸಂದಣಿಗೆ ಸಿಕ್ಕಿಕೊಂಡಿದೆ, ಅಲ್ಲಿಂದ ಇಳಿದು ರಿಕ್ಷಾ ಹತ್ತಿದ್ದಾಳೆ. ಇನ್ನೇನು ಬಂದುಬಿಡುತ್ತಾಳೆ. ಓದಿದವರು, ದೀಕ್ಷೆ ಪಡೆದವರು, ಕಂಪನಿಯವರು, ಎಲ್ಲರೂ ಒಂದು ಚಿಟಿಕೆ ಬೂದಿಯ ಸುತ್ತ ಬೆವರುತ್ತ ನಿಂತರು. ಬೆಕ್ಕಿಗೆ ಗಂಟೆ ಕಟ್ಟುವವರು ಬೇಕಾಗಿತ್ತು. ಮನೆಯಲ್ಲಿ ಹೊಲಸು ಕೆಲಸವಿದ್ದಾಗ ಯಾರ ನೆನಪಾಗುತ್ತದೋ ಅವಳ ನೆನಪೇ ಕೊಟ್ಟೂರಯ್ಯನಿಗೂ ಆಯಿತು.

"ಹುಲಿಗಿ! ಏ ಹುಲಿಗೆವ್ವಾ! ಬಾ ಬಾ, ಒಳಗ ಬಾ!"

ಅವನ ಬಾಯಲ್ಲಿ ಅವಳ ಪೂರ್ತಿ ಹೆಸರು ಬಂದದ್ದು ಅದೇ ಮೊದಲು. ಅವಳು ಹೊಸ್ತಿಲ ಹತ್ತಿರ ಬಂದು ನಿಂತಳು. "ಒಳಗ?"

"ಹೂಂ ಬಾರ, ಲಗೂನ. ಒದ್ದಿ ಅರಿವಿ ತಗೊಂಡು ಇವಷ್ಟೂ ಒರಸಿ ಬಿಡು."

ಹುಲಿಗೆವ್ವ ಟ್ಯಾಬುಗಳನ್ನು ನೋಡಿದಳು. ಇದಕ್ಕಾಗಿ ತಾನೇ ಮಗಳ ಬೆನ್ನ ಮೇಲೆ ಕೊಡೆಯ ಬಾಸುಂಡೆ ಎದ್ದದ್ದು.

"ನಾವು ಮುಟ್ಟಿದ್ರ ಕೆಡ್ತಾವಲ್ಲರಿ ಅಯ್ನೋರ?"

"ಈಗ ಅದೆಲ್ಲಾ ತಗೀಬ್ಯಾಡ. ಒರಸು."

"ಒರಸಿದೋರ ವಂಶ ಉಳಿಯಂಗಿಲ್ಲ ಅಂದ್ರಿ. ಹೊರಗ ಕೇಳ್ತಿತ್ರಿ ನನಗ."

ಕೊಟ್ಟೂರಯ್ಯ ದನಿ ಇಳಿಸಿದ. ಅಕ್ಕರೆಯಿಂದ ಹೇಳಿದ, ಅದೇ ಹೆಚ್ಚು ಅಸಹ್ಯವಾಗಿತ್ತು. "ಹುಚ್ಚವ್ವಾ, ಅದು ನಮಗ. ನಿಮಗ ಏನ್ ಆಕ್ಕೈತಿ? ನಿಮಗ ಹತ್ತಂಗಿಲ್ಲ."

"ಯಾಕ ಹತ್ತಂಗಿಲ್ಲ?"

ಕೆಳಗೆ ಬಿದ್ದವರಿಗೆ ಬೀಳಲು ಇನ್ನೇನು ಜಾಗವಿದೆ ಎಂಬುದು ಅವನ ಮುಖದ ಮೇಲೇ ಇತ್ತು. ಹುಲಿಗೆವ್ವನಿಗೆ ಅದನ್ನು ಓದಲು ಅಕ್ಷರ ಬೇಕಾಗಲಿಲ್ಲ. ಗಂಡ ಸತ್ತಾಗ ಬಾರದ ಸಿಟ್ಟು, ಮೋರಿಯಲ್ಲಿ ಕೈ ಆಡಿಸುವಾಗ ಬಾರದ ಸಿಟ್ಟು, ಈಗ ಬಂತು. ನನ್ನ ಮಗಳದ್ದು ವಂಶವಲ್ಲವೇ?

"ಒರಸಂಗಿಲ್ಲ" ಎಂದಳು.

"ಏನಂದಿ?"

"ಒರಸಂಗಿಲ್ಲ ಅಂದೆ. ನಿಮ್ಮ ಕಕ್ಕಸು ತೊಳದೀನಿ. ನಿಮ್ಮ ಪಾಪ ತೊಳ್ಯಾಕ ನಾ ಬಂದಿಲ್ಲ. ಅದಕ್ಕ ಹೊರಗ ಗಂಗವ್ವ ಅದಾಳ."

ಸಚಿನ ನಡುವೆ ಬಂದ. "ಅಕ್ಕಾ, ಪ್ಲೀಸ್. ಒಂದಾದ್ರೂ ಕ್ಲೀನ್ ಮಾಡಿ. ಒಂದೇ ಒಂದು. ಡೆಮೋ ಮುಗ್ಸಿಬಿಡ್ತೀನಿ."

ಅಕ್ಕ! ಬಂದು ಒಂದು ತಿಂಗಳಾದರೂ ಅವಳತ್ತ ನೋಡದವನಿಗೆ ಅಕ್ಕ ಹುಟ್ಟಿದ್ದಳು. ಹುಲಿಗೆವ್ವ ಹೊರಗೆ ತಿರುಗಿ ಕರೆದಳು. "ವಚನಾ, ಒಳಗ ಬಾ."

ವಚನಾ ಹೊಸ್ತಿಲ ಮೇಲೆ ನಿಂತಳು, ಕೊಡೆಯ ಕಡೆ ನೋಡಿದಳು.

"ಅಕಿ ಮುಂದಿನ ಸಾಲಿನ್ಯಾಗ ಕುಂದರ್ಲಿ. ಒಂದು ಅಕಿ ಕೈಯಾಗ ಕೊಡ್ರಿ. ಅದನ್ನಷ್ಟ ಒರಸ್ತೀನಿ. ನನ್ ಮಗಳ ಸಲುವಾಗಿ ಒರಸ್ತೀನಿ, ನಿಮ್ ಸಲುವಾಗಿ ಅಲ್ಲ. ಹತ್ತೂದು ಇದ್ರ ನನಗ ಹತ್ಲಿ."

"ನಾಳಿಂದ ಕುಂದ್ರಸೂಣು..." ಎಂದ ಕೊಟ್ಟೂರಯ್ಯ.

"ನಾಳಿ ಅನ್ನೂದನ್ನ ನಮ್ ಮಾವನೂ ಕೇಳ್ಯಾನ್ರಿ. ಇವತ್ತ. ಈಗ."

ಗಲ್ಲಿಯಲ್ಲಿ ಡೊಳ್ಳು ಕೇಳಿಸಿತು. ಅತಿಥಿ ಬಾಗಿಲಿಗೆ ಬಂದಾಯಿತು. ಕೊಟ್ಟೂರಯ್ಯ ಹಲ್ಲು ಕಚ್ಚಿ ದಾರಿ ಬಿಟ್ಟ. ವಚನಾ ಬಂದು ಅದಿತಿಯ ಪಕ್ಕದಲ್ಲಿ ಕೂತಳು. ಅದಿತಿ ಸರಿದು ಜಾಗ ಕೊಟ್ಟಳು. ಮಕ್ಕಳಿಗೆ ಇನ್ನೂ ಅಷ್ಟು ಹೈಜೀನ್ ಬಂದಿರಲಿಲ್ಲ. ಸಚಿನ ಟ್ಯಾಬನ್ನು ವಚನಾಳ ಕೈಗೆ ಕೊಟ್ಟ. ಹುಲಿಗೆವ್ವ ಸೆರಗಿನ ತುದಿಯನ್ನು ಎಂಜಲಿನಿಂದ ಒದ್ದೆ ಮಾಡಿ ಆ ಒಂದರ ಕಣ್ಣು ಒರೆಸಿದಳು. ವಿಭೂತಿ ಸೆರಗಿಗೆ ಬಂತು. ಸಿಡಿಲು ಬಡಿಯಲಿಲ್ಲ. ಎಡಗೈ ಬೀಳಲಿಲ್ಲ. ಅವಳು ಗೋಡೆಗೆ ಒರಗಿ ನಿಂತಳು, ಒಳಗೆ.

ದಿಲ್ಲಿಯ ಮೇಡಂಜಿ ಚೆಂಡುಹೂವಿನ ಹಾರದ ಭಾರಕ್ಕೆ ಬಾಗಿಕೊಂಡು ಬಂದಳು. ಹಿಂದೆ ಫೋಟೋದವನು. "ತೋ ದಿಖಾಇಯೇ ಅಪನಾ ಜಾದೂ" ಎಂದು ಜಾದೂ ತೋರಿಸಲು ಹೇಳಿದಳು.

ಪುಟ ಗಾಳಿಗೆ ಎದ್ದಿತು. ಕೊಟ್ಟೂರಯ್ಯನಿಗೆ ಅಭ್ಯಾಸ ಬಲ. "ಏ ವಚನಾ, ಪುಟ ಹಿಡಿ!"

"ಅಕಿ ಕೈಯಾಗ ಟ್ಯಾಬ್ ಐತ್ರಿ" ಎಂದಳು ಹುಲಿಗೆವ್ವ ಗೋಡೆಯಿಂದ. "ಪುಟ ನೀವ ಹಿಡೀರಿ."

ಮೇಡಂಜಿ ಕಾಯುತ್ತಿದ್ದಳು. ಕೊಟ್ಟೂರಯ್ಯ ರೇಷ್ಮೆಯ ಪಂಚೆ ಮಡಚಿಕೊಂಡು ಮೊಣಕಾಲೂರಿದ. ಆನೆ ಎದ್ದು ನಿಂತಿತು. ಮೇಡಂಜಿ ವಚನಾಳ ಹೆಗಲ ಮೇಲಿನಿಂದ ಬಗ್ಗಿ ನೋಡಿ "ವಾಹ್!" ಎಂದಳು. ಫೋಟೋದವನು ಐದಾರು ಫೋಟೋ ತೆಗೆದ. ವಚನಾ ಆನೆಯನ್ನು ಕಣ್ತುಂಬ ನೋಡಿದಳು. ಟ್ಯಾಬಿನ ಹೆಣ್ಣುಮಗಳು ಓದುವ ಮೊದಲೇ ಪದ ಕೂಡಿಸಿ ಓದಿದಳು, ಸ್ವಲ್ಪ ತಡವರಿಸಿದಳು, ಮತ್ತೆ ಓದಿದಳು. ಗೋಡೆಗೆ ಒರಗಿದ್ದವಳಿಗೆ ಕಣ್ಣು ಮಂಜಾಯಿತು. ಒರೆಸಿಕೊಳ್ಳದೆ ಹಾಗೇ ಬಿಟ್ಟಳು.

"ಬಾಕೀ ಟ್ಯಾಬ್ಲೆಟ್?" ಮೇಡಂಜಿ ಕೇಳಿದಳು.

"ಚಾರ್ಜಿಂಗ್ ಮೇಂ ಹೈಂ, ಮ್ಯಾಮ್" ಎಂದ ಸಚಿನ.

"ಔರ್ ಯೇ ಪ್ಯಾರೀ ಬಚ್ಚೀ?"

ವಸುಮತಿ ಮೇಡಂ ಮುಂದೆ ಬಂದು ಮುಗುಳ್ನಕ್ಕಳು. ನಮ್ಮ ಸ್ವಚ್ಛತಾ ಸಿಬ್ಬಂದಿಯ ಮಗಳು, ಇಲ್ಲಿ ಎಲ್ಲ ಮಕ್ಕಳೂ ಒಂದೇ ಎಂದು ಒಳ್ಳೆಯ ಹಿಂದಿಯಲ್ಲಿ ವಿವರಿಸಿದಳು. ಕೊಟ್ಟೂರಯ್ಯ ಮೊಣಕಾಲು ಉಜ್ಜಿಕೊಳ್ಳುತ್ತ ಎದ್ದು, ಮುಟ್ಟು ತಟ್ಟು ಇಲ್ಲವೆಂಬ ದಿನದ ಮಾತನ್ನೇ ಹಿಂದಿಯಲ್ಲಿ ಸೇರಿಸಿದ: "ಹಮಾರೇ ಯಹಾಂ ಛುಆಛೂತ್ ಬಿಲ್ಕುಲ್ ನಹೀಂ ಹೈ." ಇದನ್ನು ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕಬೇಕು ಎಂದಳು ಮೇಡಂಜಿ. ಫೋಟೋದವನಿಗೆ ಇನ್ನಷ್ಟು ಫೋಟೋ ತೆಗೆಯಲು ಹೇಳಿ, ಸ್ವಾಮಿಗಳ ದರ್ಶನಕ್ಕೆ ಒಳಗೆ ಹೋದಳು. ಅಲ್ಲಿಂದ "ಒಳ್ಳೇದಾಗ್ಲಿ" ಕೇಳಿಸಿತು.

ಅವಳ ಬೆನ್ನು ಮರೆಯಾಗುವುದೇ ತಡ, ಕೊಟ್ಟೂರಯ್ಯ ವಚನಾಳ ಮುಂದೆ ಬಂದು ನಿಂತ. "ಆತು ನಿನ್ನ ನಾಟಕ. ಕೆಳಗ ಇಟ್ಟು ಹೊರಗ ನಡಿ."

ವಚನಾ ಅವ್ವನ ಮುಖ ನೋಡಿದಳು.

"ಇಡಬ್ಯಾಡ" ಎಂದಳು ಹುಲಿಗೆವ್ವ.

"ಹುಲಿಗಿ, ನಾಳಿಂದ ಕೆಲಸ ಇಲ್ಲ ನಿನಗ. ಖೋಲೀನೂ ಇಲ್ಲ."

ಆ ಗಲ್ಲಿಯ ಹೊಗೆ ತುಂಬಿದ ಕೋಣೆ ಬಿಟ್ಟರೆ ಅವಳಿಗೆ ಇಡೀ ಕಾಶಿಯಲ್ಲಿ ಸೂರಿಲ್ಲ. ಆದರೂ ಬಾಯಿ ನಿಲ್ಲಲಿಲ್ಲ. "ತಗೋರಿ ಖೋಲಿ. ನಾಳಿ ಮುಂಜಾನಿ ಕಕ್ಕಸಿನ್ಯಾಗ ಬಕೀಟು, ಬ್ರಶ್ ಅಲ್ಲೇ ಇರ್ತಾವು. ಅಕಿ ಮಾತ್ರ ಎದ್ದು ಹೋಗಂಗಿಲ್ಲ."

ವಸುಮತಿ ಮೇಡಂ ಜೇನಿನ ದನಿಯಲ್ಲಿ ಬಗ್ಗಿದಳು. "ವಚನಾ, ಜಾಣೆ ಅಲ್ವಾ ನೀನು? ನೀನಾಗೇ ಕೆಳಗಿಟ್ಟುಬಿಡು ಪುಟ್ಟಾ."

"ಇಡಬ್ಯಾಡವ್ವಾ. ಬೇಕಾದೋರು ತಗೋತಾರ."

ಕೊಟ್ಟೂರಯ್ಯ ಸಚಿನನಿಗೆ ಸನ್ನೆ ಮಾಡಿದ. ಸಚಿನ ತನ್ನ ಬಿಳಿ ಬೂಟು ನೋಡಿಕೊಂಡ. "ಹ್ಯಾಂಡೋವರ್ ಆಗಿದೆ ಸಾರ್. ಈಗ ಅದು ಮಠದ್ದು" ಎಂದ.

ಹುಲಿಗೆವ್ವ ಗೋಡೆ ಬಿಟ್ಟು ಬಂದು ಮಗಳ ಹಿಂದೆ ನಿಂತಳು. ಅವಳಿಗೆ ಆ ಗಳಿಗೆಯಲ್ಲಿ ಎಲ್ಲ ಬಿಸಿಲಿನಷ್ಟು ಸ್ಪಷ್ಟವಾಯಿತು. ಎರಡು ತಲೆಮಾರು ಯಾವ ಮುಟ್ಟು ತಟ್ಟನ್ನು ಕಂಡು ಹಿಂದೆ ಸರಿದು ನಿಂತಿತ್ತೋ ಅದು ಇವನ ಕೈಗೂ ಬೇಲಿ.

"ಕಸ್ಕೊಳ್ರಿ ಅಯ್ನೋರ" ಎಂದಳು. "ಮುಟ್ರಿ. ಅಕಿ ಕೈ ಮುಟ್ಟಿ, ಬೆರಳು ಬಿಡಿಸಿ ಕಸ್ಕೊಳ್ರಿ. ಈಗಷ್ಟ ಹೇಳೀರಿ, ನಿಮ್ಮಾಗ ಮುಟ್ಟು ತಟ್ಟು ಇಲ್ಲಂತ. ಫೋಟೋ ತಗ್ಯಾವ ಇಲ್ಲೇ ಅದಾನ."

ಫೋಟೋದವನಿಗೆ ಕನ್ನಡ ಬಾರದು. ಎಲ್ಲರ ಮುಖ ಕಂಡು, ಏನೋ ಒಳ್ಳೆಯದು ನಡೆಯುತ್ತಿದೆ ಎಂದುಕೊಂಡು ಕ್ಯಾಮೆರಾ ಎತ್ತಿ ಹಿಡಿದ. ಮಕ್ಕಳು ನೋಡುತ್ತಿದ್ದರು. ಕೊಟ್ಟೂರಯ್ಯ ಕೈ ಚಾಚಿದ. ಕೈ ವಚನಾಳ ಬೆರಳುಗಳ ಹತ್ತಿರ ಬಂತು. ಒಂದು ಮೊಳ, ಒಂದು ಗೇಣು. ಅಲ್ಲಿ ನಿಂತಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

"ಓದವ್ವಾ" ಎಂದಳು ಹುಲಿಗೆವ್ವ. "ಅಯ್ನೋರು ನಿಂತಿರ್ತಾರ. ನೀ ಓದು."

ವಚನಾ ಮುಂದಿನ ಪುಟ ತೆಗೆದಳು.